ಮುಳ್ಳು ಸರಿಯಿದೆ, ಧ್ವನಿ ಸರಿಯಿಲ್ಲ: ಕಾರ್ಟ್ರಿಜ್‌ನ ಗೇನ್, ಲೋಡ್ ದೋಷ ಪತ್ತೆ ಮಾಡುವ ಬಗೆ

ಮನೆಯಲ್ಲಿ ಕಪಾಟು ಸರಿಸಿದಾಗ ನನ್ನ ಟರ್ನ್‌ಟೇಬಲ್ ಆಂಪ್ಲಿಫೈಯರ್‌ನಿಂದ ದೂರವಾಯಿತು. ಹಳೆಯ ವೈರ್ ಸಾಲಲಿಲ್ಲ. ಎರಡೂವರೆ ಮೀಟರಿನ ಹೊಸ ಆರ್‌ಸಿಎ ಕೇಬಲ್ ತಂದು ಹಾಕಿದೆ. ಅವತ್ತು ಸಂಜೆ ಭೀಮಸೇನ ಜೋಶಿಯವರ ಹಳೆಯ ಎಲ್‌ಪಿ ಒಂದನ್ನು ಇಟ್ಟೆ. ತಂಬೂರಿ ಶುರುವಾದ ಕೂಡಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ತಂಬೂರಿಯ ನಾದ ಕೋಣೆ ತುಂಬ ಹರಡಿಕೊಳ್ಳಬೇಕು, ಅಲ್ವಾ? ಇಲ್ಲಿ ಅದು ತಗಡಿನ ಅಂಚು ಸವರಿದ ಹಾಗೆ ಚುರ್ರೆನ್ನುತ್ತಿತ್ತು. ಹಾಡಿನ ಮಾತಿನಲ್ಲಿ ಸ, ಶ, ಚ ಬಂದಲ್ಲೆಲ್ಲ ಕಿವಿಗೆ ಚುಚ್ಚುತ್ತಿತ್ತು. ಮುಳ್ಳು ಅದೇ, ಪ್ಲೇಟು ಅದೇ, ಸ್ಪೀಕರ್ ಅದೇ. ಬದಲಾಗಿದ್ದು ಒಂದು ವೈರ್ ಮಾತ್ರ.

ಒಂದು ವೈರ್ ಧ್ವನಿಯನ್ನು ಇಷ್ಟು ಕೆಡಿಸುವುದು ಹೇಗೆ ಅಂತ ಹುಡುಕುತ್ತಾ ಹೋದೆ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಕಾರ್ಟ್ರಿಜ್, ಅದನ್ನು ಹೊತ್ತ ತೋಳಿನೊಳಗಿನ (ಟೋನ್‌ಆರ್ಮ್) ವೈರ್, ಹೊರಗಿನ ಕೇಬಲ್, ಆಂಪ್ಲಿಫೈಯರ್ ಒಳಗೋ ಬೇರೆ ಪೆಟ್ಟಿಗೆಯಲ್ಲೋ ಇರುವ ಫೋನೋ ಸ್ಟೇಜ್ ಇವೆಲ್ಲ ಸೇರಿ ಒಂದೇ ಸರ್ಕ್ಯೂಟ್. ಒಂದನ್ನು ಮುಟ್ಟಿದರೆ ಉಳಿದವೂ ಅಲುಗುತ್ತವೆ. ಗೇನ್ ಎಂದರೆ ಕಾರ್ಟ್ರಿಜ್ ಕೊಡುವ ಪುಟ್ಟ ವೋಲ್ಟೇಜನ್ನು ಫೋನೋ ಸ್ಟೇಜ್ ಎಷ್ಟು ಪಟ್ಟು ದೊಡ್ಡದು ಮಾಡುತ್ತೆ ಅನ್ನೋದು. ಲೋಡ್ ಎಂದರೆ ಕಾರ್ಟ್ರಿಜ್‌ಗೆ ಎದುರಾಗಿ ನಿಲ್ಲುವ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಮತ್ತು ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ). ಎರಡನ್ನೂ ಲೆಕ್ಕದಿಂದ ಶುರು ಮಾಡಬೇಕು, ಕಿವಿಯಲ್ಲಿ ಮುಗಿಸಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ. ಸ್ವಿಚ್‌ಗಳನ್ನು ಅತ್ತ ಇತ್ತ ಹಾಕಿ ಕೇಳಿ, ಕೊನೆಗೆ ಯಾವುದು ಸರಿ ಅಂತಲೇ ಗೊತ್ತಾಗದೆ ಕೈಬಿಡುತ್ತಾರೆ.

ಸ್ವಿಚ್ ಮುಟ್ಟುವ ಮೊದಲು

ಧ್ವನಿ ಚುಚ್ಚುತ್ತಿದ್ದರೆ ಮೊದಲ ಅನುಮಾನ ಮುಳ್ಳಿನ ಮೇಲೆಯೇ ಇರಲಿ. ಮುಳ್ಳಿಗೆ ಧೂಳು ಮೆತ್ತಿಕೊಂಡಿದ್ದರೂ, ಸವೆದಿದ್ದರೂ, ಒತ್ತಡ ಕಡಿಮೆಯಿದ್ದರೂ ಸಕಾರ ಶಕಾರಗಳು ಹೀಗೇ ಸಿಡಿಯುತ್ತವೆ. ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆದು ಮುಳ್ಳು ಸ್ವಚ್ಛ ಮಾಡಿ. ಆಮೇಲೆ ಡಿಜಿಟಲ್ ತೂಕದ ಗೇಜಿನಲ್ಲಿ ಒತ್ತಡ ನೋಡಿ. ಅದು ಕಾರ್ಟ್ರಿಜ್‌ಗೆ ತಕ್ಕ ಹಾಗೆ: ನನ್ನ ಆಡಿಯೋ ಟೆಕ್ನಿಕಾ ವಿಎಂ95ಇಗೆ 2 ಗ್ರಾಂ, ಆರ್ಟೋಫೋನ್ 2ಎಂ ರೆಡ್‌ಗೆ 1.8 ಗ್ರಾಂ, ಡೆನಾನ್ ಡಿಎಲ್-103ಕ್ಕೆ 2.5 ಗ್ರಾಂ. ಕಡಿಮೆ ಒತ್ತಡ ಇಟ್ಟರೆ ಪ್ಲೇಟಿಗೆ ಒಳ್ಳೆಯದು ಅಂತ ಕೆಲವರು ನಂಬುತ್ತಾರೆ. ಅದು ತಪ್ಪು. ಒತ್ತಡ ಸಾಲದ ಮುಳ್ಳು ಗ್ರೂವ್‌ನಲ್ಲಿ ಕುಣಿದು ಗೋಡೆಗಳನ್ನು ಇನ್ನೂ ಜಾಸ್ತಿ ಕೆರೆಯುತ್ತೆ.

ಮುಳ್ಳಿನ ತೊಂದರೆಯೋ ಲೋಡಿನ ತೊಂದರೆಯೋ ಅಂತ ತಿಳಿಯಲು ಒಂದು ಸುಲಭದ ಗುರುತಿದೆ. ಪ್ಲೇಟಿನ ಹೊರ ಅಂಚಿನ ಹಾಡು ಚೆನ್ನಾಗಿದ್ದು, ಲೇಬಲ್ ಹತ್ತಿರ ಹೋಗ್ತಾ ಹೋಗ್ತಾ ಒಡೆದರೆ ಅದು ಮುಳ್ಳು ಅಥವಾ ಅಲೈನ್‌ಮೆಂಟ್ (ಮುಳ್ಳು ಗ್ರೂವ್‌ನಲ್ಲಿ ಕೂರುವ ಕೋನ). ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ, ಎಲ್ಲ ಪ್ಲೇಟಿನಲ್ಲೂ ಒಂದೇ ಥರ ಚುಚ್ಚಿದರೆ ಲೋಡ್ ಕಡೆ ನೋಡಿ. ನನ್ನ ಮನೆಯಲ್ಲಿ ಆಗಿದ್ದು ಎರಡನೆಯದು.

ಅದೇ ಹಾಡನ್ನು ಮೊಬೈಲಿನಿಂದ, ಅದೇ ಆಂಪ್ಲಿಫೈಯರ್ ಮೂಲಕ ಒಮ್ಮೆ ಕೇಳಿ ನೋಡಿ. ಅಲ್ಲೂ ಚುಚ್ಚಿದರೆ ತಪ್ಪು ಸ್ಪೀಕರಿನದೋ ಕೋಣೆಯದೋ ಇರಬಹುದು. ಕಾರ್ಟ್ರಿಜ್ ಬಿಡಿ.

ಕಾಗದದ ಮೇಲೆ ಬರೆದುಕೊಳ್ಳಬೇಕಾದ ಅಂಕಿಗಳು

ಕಾರ್ಟ್ರಿಜ್ ಜೊತೆ ಬಂದ ಚೀಟಿ ತೆಗೆಯಿರಿ. ಕಳೆದುಹೋಗಿದ್ದರೆ ತಯಾರಕರ ಪುಟದಲ್ಲಿ ಸಿಗುತ್ತೆ. ಮೊದಲು ಅದು ಎಂಎಂ (ಮೂವಿಂಗ್ ಮ್ಯಾಗ್ನೆಟ್) ಜಾತಿಯೋ ಎಂಸಿ (ಮೂವಿಂಗ್ ಕಾಯಿಲ್) ಜಾತಿಯೋ ನೋಡಿ. ಎಂಎಂನಲ್ಲಿ ಮುಳ್ಳಿನ ಹಿಂದೆ ಪುಟ್ಟ ಅಯಸ್ಕಾಂತ ಅಲುಗುತ್ತೆ, ಸುರುಳಿ ಸುಮ್ನೆ ನಿಂತಿರುತ್ತೆ. ಎಂಸಿಯಲ್ಲಿ ಸುರುಳಿಯೇ ಅಲುಗುತ್ತೆ. ಅಲುಗುವ ಸುರುಳಿ ಹಗುರವಾಗಿರಬೇಕು, ಹಾಗಾಗಿ ಅದಕ್ಕೆ ಕೆಲವೇ ಸುತ್ತು ತಂತಿ. ಸುತ್ತು ಕಡಿಮೆಯಾದರೆ ವೋಲ್ಟೇಜೂ ಕಡಿಮೆ.

ಆಮೇಲೆ ಔಟ್‌ಪುಟ್ ಎಷ್ಟು ಮಿಲಿವೋಲ್ಟ್ ಅಂತ ಬರೆದುಕೊಳ್ಳಿ. ಪಕ್ಕದಲ್ಲಿ ಮುಳ್ಳು ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ವೇಗದಲ್ಲಿ ಅಲುಗುವಾಗ ಅಳೆದದ್ದು ಅಂತಲೂ ಇರುತ್ತೆ. ಹೆಚ್ಚಿನವರು 5 ಸೆಂಟಿಮೀಟರ್ ಇಟ್ಟುಕೊಳ್ಳುತ್ತಾರೆ, ಕೆಲವರು 3.54. ಇದನ್ನು ಗಮನಿಸದೆ ಎರಡು ಕಾರ್ಟ್ರಿಜ್ ಹೋಲಿಸಿದರೆ 3 ಡೆಸಿಬೆಲ್ (ಸಿಗ್ನಲ್ ಎಷ್ಟು ಪಟ್ಟು ಅಂತ ಹೇಳುವ ಅಳತೆ) ಲೆಕ್ಕ ತಪ್ಪುತ್ತೆ. 3.54ರಲ್ಲಿ ಅಳೆದ ಅಂಕಿಯನ್ನು 1.41ರಿಂದ ಗುಣಿಸಿದರೆ 5ರ ಲೆಕ್ಕಕ್ಕೆ ಬರುತ್ತೆ.

ಎಂಎಂ ಆದರೆ ಸುರುಳಿಯ ಇಂಡಕ್ಟನ್ಸ್ (ಕರೆಂಟಿನ ಏರಿಳಿತಕ್ಕೆ ಸುರುಳಿ ಒಡ್ಡುವ ಅಡ್ಡಿ), ಮತ್ತೆ ತಯಾರಕರು ಹೇಳಿದ ಕೆಪಾಸಿಟೆನ್ಸ್ ಬೇಕು. ಎಂಸಿ ಆದರೆ ಸುರುಳಿಯ ಇಂಪಿಡೆನ್ಸ್ (ಒಟ್ಟು ತಡೆ) ಎಷ್ಟು ಓಮ್ ಅನ್ನೋದು ಸಾಕು. ಎಂಸಿಯ ಓಮ್ ಗೊತ್ತಿಲ್ಲ ಅಂತ ಮಲ್ಟಿಮೀಟರ್ ಹಚ್ಚಿ ಅಳೆಯಲು ಹೋಗಬೇಡಿ. ಮೀಟರ್ ಹರಿಸುವ ಕರೆಂಟು ಆ ಕೂದಲೆಳೆಯಂಥ ತಂತಿಗೆ ಒಳ್ಳೆಯದಲ್ಲ.

ಗೇನ್: ಮೈಸೂರಿನಿಂದ ಬಂದ ಫೋನು

ಗೇನ್ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೊಡ್ಡಪ್ಪನ ಕತೆಯೇ ಸಾಕು. ಅವರ ಮಗ ಊರಿಗೆ ಬಂದಾಗ ಡಿಎಲ್-103 ತಂದುಕೊಟ್ಟಿದ್ದ. ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಗಾಗಿ 1960ರ ದಶಕದಲ್ಲಿ ರೂಪಿಸಿದ ಎಂಸಿ ಕಾರ್ಟ್ರಿಜ್ ಅದು. ಹಾಕಿಸಿದ ಮರುದಿನವೇ ಫೋನು ಬಂತು.

"ಏನೋ ಇದು, ನಾಬನ್ನ ಮುಕ್ಕಾಲು ತಿರುಗಿಸಿದೀನಿ, ಪಕ್ಕದ ಮನೇಲಿ ಹಾಡ್ತಿರೋ ಹಾಗೆ ಕೇಳ್ತಿದೆ. ಜೊತೆಗೆ ಮಳೆ ಸುರಿದ ಹಾಗೆ ಸೊಯ್ ಅಂತ ಸದ್ದು."

"ದೊಡ್ಡಪ್ಪ, ಆಂಪ್ಲಿಫೈಯರ್ ಹಿಂದೆ ಫೋನೋ ಅಂತಿರೋ ಕಡೆ ಎಂಎಂ, ಎಂಸಿ ಅಂತ ಸ್ವಿಚ್ ಏನಾದ್ರೂ ಇದೆಯಾ ನೋಡಿ."

"ಸ್ವಿಚ್ಚೂ ಇಲ್ಲ ಏನೂ ಇಲ್ಲ. ಎಂಎಂ ಅಂತ ಅಚ್ಚು ಹಾಕಿದಾರೆ ಅಷ್ಟೆ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಎಂಎಂ ಫೋನೋ ಇನ್‌ಪುಟ್‌ನ ಗೇನ್ ಸಾಮಾನ್ಯವಾಗಿ 40 ಡೆಸಿಬೆಲ್ ಆಸುಪಾಸು. ಅಂದರೆ 100 ಪಟ್ಟು. ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ನೂರರಿಂದ ಗುಣಿಸಿದರೂ 30 ಮಿಲಿವೋಲ್ಟ್. ಆಂಪ್ಲಿಫೈಯರ್‌ನ ಉಳಿದ ಭಾಗಕ್ಕೆ 300ರಿಂದ 500 ಮಿಲಿವೋಲ್ಟ್ ಸಿಕ್ಕರೆ ಹಿತ. ಹತ್ತರಲ್ಲಿ ಒಂದು ಪಾಲು ಸಿಕ್ಕಿದಾಗ ನಾಬ್ ಎಷ್ಟು ತಿರುಗಿಸಿದರೂ ಸಾಲದು. ತಿರುಗಿಸಿದಷ್ಟೂ ಆಂಪ್ಲಿಫೈಯರ್‌ನದೇ ಸೊಯ್ ಸದ್ದು ಮೇಲೆ ಬರುತ್ತೆ.

ನಿಮ್ಮ ಕಾರ್ಟ್ರಿಜ್‌ಗೆ ಎಷ್ಟು ಗೇನ್ ಬೇಕು ಅಂತ ನೀವೇ ಲೆಕ್ಕ ಹಾಕಬಹುದು. 400 ಮಿಲಿವೋಲ್ಟನ್ನು ಗುರಿಯಾಗಿ ಇಟ್ಟುಕೊಳ್ಳಿ. ಅದನ್ನು ಕಾರ್ಟ್ರಿಜ್‌ನ ಮಿಲಿವೋಲ್ಟಿನಿಂದ ಭಾಗಿಸಿ. ಬಂದದ್ದು ಎಷ್ಟು ಪಟ್ಟು ಅನ್ನೋದು. ಹತ್ತು ಪಟ್ಟಿಗೆ 20 ಡೆಸಿಬೆಲ್, ನೂರಕ್ಕೆ 40, ಸಾವಿರಕ್ಕೆ 60. ದುಪ್ಪಟ್ಟಾದಾಗಲೆಲ್ಲ 6 ಸೇರಿಸಿ. ವಿಎಂ95ಇ ಕೊಡುವುದು 4 ಮಿಲಿವೋಲ್ಟ್. 400 ಭಾಗಿಸು 4 ಎಂದರೆ 100 ಪಟ್ಟು, ಅಲ್ಲಿಗೆ 40 ಡೆಸಿಬೆಲ್. 2ಎಂ ರೆಡ್ 5.5 ಮಿಲಿವೋಲ್ಟ್ ಕೊಡುತ್ತೆ, ಅದಕ್ಕೆ 37 ಸಾಕು. ಡೆನಾನ್‌ನದೇ ಇನ್ನೊಂದು ಎಂಸಿ ಡಿಎಲ್-110. ಅದು ಹೈ ಔಟ್‌ಪುಟ್ ಜಾತಿ, 1.6 ಮಿಲಿವೋಲ್ಟ್ ಕೊಡುತ್ತೆ. ಅದಕ್ಕೆ 48 ಬೇಕು. ಡಿಎಲ್-103ಕ್ಕೆ 62ರಿಂದ 65. ಸ್ವಿಚ್ ಇರುವ ಫೋನೋ ಪೆಟ್ಟಿಗೆಗಳಲ್ಲಿ 36, 48, 60, 72 ಹೀಗೆ ಮೆಟ್ಟಿಲುಗಳಿರುತ್ತವೆ. ನಿಮ್ಮ ಲೆಕ್ಕಕ್ಕೆ ಹತ್ತಿರದ್ದನ್ನು ಹಿಡಿಯಿರಿ. ಎರಡರ ನಡುವೆ ಬಿದ್ದರೆ ಕೆಳಗಿನದು ವಾಸಿ, ಯಾಕೆಂದರೆ ಗೇನ್ ಜಾಸ್ತಿಯಾದಾಗಿನ ತೊಂದರೆ ಪತ್ತೆ ಹಚ್ಚುವುದು ಕಷ್ಟ.

ಆ ತೊಂದರೆ ಹೇಗಿರುತ್ತೆ ಅಂದರೆ, 5.5 ಮಿಲಿವೋಲ್ಟಿನ ಎಂಎಂ ಕಾರ್ಟ್ರಿಜನ್ನು ಯಾರೋ 60 ಡೆಸಿಬೆಲ್‌ನಲ್ಲಿ ಇಟ್ಟಿದ್ದಾರೆ ಅಂದುಕೊಳ್ಳಿ. ಸಾವಿರ ಪಟ್ಟು, ಅಂದರೆ 5.5 ವೋಲ್ಟ್. ಇದು ಅಳತೆಯ ಮಟ್ಟದಲ್ಲಿ ಮಾತ್ರ. ಹಾಡಿನಲ್ಲಿ ಮೃದಂಗದ ಪೆಟ್ಟೋ ತಾರಸ್ಥಾಯಿಯ ಆಲಾಪವೋ ಬಂದಾಗ ಅದು ಮೂರು ನಾಲ್ಕು ಪಟ್ಟು ಏರುತ್ತೆ. ಪೆಟ್ಟಿಗೆಯೊಳಗಿನ ಚಿಪ್‌ಗೆ 15 ವೋಲ್ಟಿನ ಆಸುಪಾಸು ಸಪ್ಲೈ ಇದ್ದರೆ ಅದರಾಚೆ ಏರಲು ಜಾಗವೇ ಇಲ್ಲ. ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಧ್ವನಿ ಒಡೆಯುತ್ತೆ.

ಇದರ ಗುರುತನ್ನು ನೆನಪಿಟ್ಟುಕೊಳ್ಳಿ. ವಾಲ್ಯೂಮ್ ಇಳಿಸಿದರೂ ಒಡಕು ಹೋಗಲ್ಲ. ವಾಲ್ಯೂಮ್ ನಾಬ್ ಫೋನೋ ಸ್ಟೇಜ್ ಆದಮೇಲೆ ಬರುತ್ತೆ, ಒಡೆದದ್ದು ಅದಕ್ಕೂ ಮೊದಲೇ. ನಡುರಾತ್ರಿ ಮನೆಯವರಿಗೆ ಕೇಳದಷ್ಟು ಮೆಲ್ಲಗೆ ಇಟ್ಟಾಗಲೂ ಜೋರು ಭಾಗಗಳು ಒಡೆದೇ ಕೇಳಿದರೆ ಗೇನ್ ಒಂದು ಮೆಟ್ಟಿಲು ಇಳಿಸಿ.

ದೊಡ್ಡಪ್ಪನಿಗೆ ಎಂಸಿ ಗೇನ್ ಇರುವ ಒಂದು ಫೋನೋ ಪೆಟ್ಟಿಗೆ ಕೊಡಿಸಿದೆವು. ವಾರದಲ್ಲಿ ಮತ್ತೆ ಫೋನು. ಈ ಸಲ ಜೋರಾಗಿದೆ, ಆದರೆ ಮೃದಂಗದ ತೊಪ್ಪಿ ಬಾಗಿಲು ಗುದ್ದಿದ ಹಾಗೆ ಬರುತ್ತೆ, ಹಾಡುವವರ ಬಾಯಿಗೆ ಬಟ್ಟೆ ಕಟ್ಟಿದ ಹಾಗಿದೆ ಅಂದರು. ಪೆಟ್ಟಿಗೆಯ ವೈರನ್ನು ಎಲ್ಲಿಗೆ ಚುಚ್ಚಿದ್ದೀರಿ ಅಂತ ಕೇಳಿದೆ. "ಫೋನೋ ಅಂತ ಬರೆದಿರೋ ಕಡೆಗೇ. ಮೊದಲೂ ಅಲ್ಲೇ ಇತ್ತಲ್ಲ?"

ಬಹಳ ಮನೆಗಳಲ್ಲಿ ಆಗುವ ಎಡವಟ್ಟು ಇದು. ಪ್ಲೇಟು ಅಚ್ಚು ಹಾಕುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಒಪ್ಪಿಕೊಂಡ ಆರ್‌ಐಎಎ ಲೆಕ್ಕ ಅದು. ಫೋನೋ ಸ್ಟೇಜ್ ಅದನ್ನು ತಿರುಗಿ ಸರಿ ಮಾಡುತ್ತೆ. 20 ಹರ್ಟ್ಜ್ ಹತ್ತಿರ ಸುಮಾರು 19 ಡೆಸಿಬೆಲ್ ಏರಿಸಿ, 20 ಕಿಲೋಹರ್ಟ್ಜ್ ಹತ್ತಿರ ಸುಮಾರು ಅಷ್ಟೇ ಇಳಿಸುತ್ತೆ. ಎರಡು ಫೋನೋ ಸ್ಟೇಜ್ ಸಾಲಾಗಿ ಬಂದರೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಮೇಲೆ ಇನ್ನೊಂದು ನೂರು ಪಟ್ಟು ಗೇನ್ ಬೇರೆ. ಈಗಿನ ಹಲವು ಟರ್ನ್‌ಟೇಬಲ್‌ಗಳಲ್ಲಿ ಫೋನೋ ಸ್ಟೇಜ್ ಒಳಗೇ ಇರುತ್ತೆ. ಹಿಂದೆ ಫೋನೋ, ಲೈನ್ ಅಂತ ಪುಟ್ಟ ಸ್ವಿಚ್ ಇದೆಯಾ ನೋಡಿ. ಲೈನ್‌ನಲ್ಲಿದ್ದರೆ ಆಂಪ್ಲಿಫೈಯರ್‌ನ ಆಕ್ಸ್‌ಗೆ (ಫೋನೋ ಸ್ಟೇಜ್ ಇಲ್ಲದ ಇನ್‌ಪುಟ್) ಹಾಕಬೇಕು. ಫೋನೋದಲ್ಲಿದ್ದರೆ ಫೋನೋಗೆ. ದೊಡ್ಡಪ್ಪ ವೈರನ್ನು ಆಕ್ಸ್‌ಗೆ ಬದಲಾಯಿಸಿದರು. ಫೋನ್ ಇಡದೆ ಹಾಗೇ ಹಿಡಿದುಕೊಂಡು ಒಂದು ಹಾಡು ಪೂರ್ತಿ ಕೇಳಿಸಿದರು.

ಎಂಎಂ ಲೋಡ್: ಕೆಪಾಸಿಟೆನ್ಸ್ ಆಟ

ಈಗ ನನ್ನ ತಂಬೂರಿಗೆ ಬರೋಣ. ಎಂಎಂ ಕಾರ್ಟ್ರಿಜ್‌ಗೆ ರೆಸಿಸ್ಟೆನ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು 47 ಕಿಲೋಓಮ್ ಅಂತ ಎಲ್ಲರೂ ಒಪ್ಪಿಕೊಂಡು ಕೂತಿದ್ದಾರೆ. ತೊಂದರೆ ಕೊಡುವುದು ಕೆಪಾಸಿಟೆನ್ಸ್. ಅದನ್ನು ಯಾರೂ ಬೇಕೆಂದು ತಂದು ಹಾಕುವುದಿಲ್ಲ. ಎರಡು ತಂತಿ ಪಕ್ಕಪಕ್ಕ ಓಡಿದರೆ ಸಾಕು, ತಾನಾಗಿ ಹುಟ್ಟಿಕೊಳ್ಳುತ್ತೆ. ಆರ್‌ಸಿಎ ಕೇಬಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತೆ, ಒಳ್ಳೆಯದರಲ್ಲಿ ಅದಕ್ಕಿಂತ ಕಡಿಮೆ. ಇದಕ್ಕೆ ಟೋನ್‌ಆರ್ಮ್ ವೈರಿನದೂ ಫೋನೋ ಸ್ಟೇಜಿನದೂ ಸೇರಿಕೊಳ್ಳುತ್ತವೆ.

ಎಂಎಂ ಸುರುಳಿಯಲ್ಲಿ ಸಾವಿರಾರು ಸುತ್ತು ತಂತಿ. ಅದರ ಇಂಡಕ್ಟನ್ಸ್ ದೊಡ್ಡದು. ಇಂಡಕ್ಟನ್ಸ್ ಒಂದು ಕಡೆ, ಕೆಪಾಸಿಟೆನ್ಸ್ ಇನ್ನೊಂದು ಕಡೆ ನಿಂತರೆ ಇಬ್ಬರೂ ಸೇರಿ ಒಂದು ಸ್ವರದಲ್ಲಿ ಜೋಕಾಲಿ ಆಡುತ್ತಾರೆ. ಆ ಸ್ವರದ ಹತ್ತಿರ ಧ್ವನಿ ಉಬ್ಬುತ್ತೆ, ಅದರಾಚೆ ಥಟ್ಟನೆ ಬೀಳುತ್ತೆ. ಉಬ್ಬು ಕಿವಿಗೆ ಎಟುಕದಷ್ಟು ಮೇಲಿದ್ದರೆ ತೊಂದರೆಯಿಲ್ಲ. ಕೆಳಗಿಳಿದು ಸಕಾರ ಶಕಾರಗಳ ಜಾಗಕ್ಕೆ ಬಂದರೆ ಚುಚ್ಚುತ್ತೆ.

ಆ ಜೋಕಾಲಿಯ ಸ್ವರ ಎಲ್ಲಿದೆ ಅಂತ ಕಂಡುಹಿಡಿಯಲು ಒಂದು ಅಡ್ಡದಾರಿ ಲೆಕ್ಕ ಇದೆ. ಇಂಡಕ್ಟನ್ಸನ್ನು ಮಿಲಿಹೆನ್ರಿಯಲ್ಲಿ, ಒಟ್ಟು ಕೆಪಾಸಿಟೆನ್ಸನ್ನು ಪಿಕೋಫ್ಯಾರಡಿನಲ್ಲಿ ತೆಗೆದುಕೊಂಡು ಗುಣಿಸಿ. ವರ್ಗಮೂಲ ತೆಗೆಯಿರಿ. 5033ನ್ನು ಅದರಿಂದ ಭಾಗಿಸಿ. ಬಂದದ್ದು ಕಿಲೋಹರ್ಟ್ಜ್.

ನಾನು ಗೆಳೆಯನಿಂದ ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಇಸಿದುಕೊಂಡು ಬಂದೆ. ಕಾರ್ಟ್ರಿಜ್ ಕೂರುವ ತೋಳಿನ ತುದಿಯ ಹೆಡ್‌ಶೆಲ್‌ನಲ್ಲಿ ಅದರ ಪುಟ್ಟ ವೈರ್‌ಗಳನ್ನು ಚಿಮ್ಮಟದಿಂದ ಹಿಡಿದು ಬಿಡಿಸಿದೆ. ಕಾರ್ಟ್ರಿಜ್ ಸೇರಿಸಿಕೊಂಡೇ ಅಳೆದರೆ ಮೀಟರ್ ಏನೇನೋ ತೋರಿಸುತ್ತೆ. ಕೇಬಲಿನ ಆ ತುದಿಯನ್ನು ಫೋನೋ ಪೆಟ್ಟಿಗೆಯಿಂದ ಕಿತ್ತೆ. ಪ್ಲಗ್ಗಿನ ನಡುವಿನ ಪಿನ್ನಿಗೆ ಒಂದು ಮೊನೆ, ಹೊರಗಿನ ಬಳೆಗೆ ಇನ್ನೊಂದು ಮೊನೆ. ಮೀಟರಿನಲ್ಲಿ 310 ಪಿಕೋಫ್ಯಾರಡ್ ನಿಂತಿತು. ಫೋನೋ ಪೆಟ್ಟಿಗೆಯ ಕೈಪಿಡಿಯಲ್ಲಿ ಇನ್‌ಪುಟ್ 100 ಅಂತಿತ್ತು. ಒಟ್ಟು 410. ವಿಎಂ95ಇಗೆ ತಯಾರಕರು ಹೇಳಿರುವುದು 100ರಿಂದ 200. ದುಪ್ಪಟ್ಟು ಮೀರಿತ್ತು!

ಅದರ ಇಂಡಕ್ಟನ್ಸ್ 550 ಮಿಲಿಹೆನ್ರಿ. 550ನ್ನು 410ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 475. 5033ನ್ನು 475ರಿಂದ ಭಾಗಿಸಿದರೆ 10.6 ಕಿಲೋಹರ್ಟ್ಜ್. 47 ಕಿಲೋಓಮ್ ಲೋಡಿನ ಜೊತೆ ಲೆಕ್ಕ ಹಾಕಿದರೆ 9 ಕಿಲೋಹರ್ಟ್ಜ್ ಹತ್ತಿರ ಹೆಚ್ಚುಕಡಿಮೆ 3 ಡೆಸಿಬೆಲ್ ಉಬ್ಬು. ನಿಜದ ಸುರುಳಿಯಲ್ಲಿ ಸ್ವಲ್ಪ ನಷ್ಟ ಇರುವುದರಿಂದ ಉಬ್ಬು ಇನ್ನೊಂಚೂರು ಕಡಿಮೆ ಇರಬಹುದು. ಆದರೂ ನನ್ನ ಕಿವಿಗೆ ಚುಚ್ಚಿದ ಜಾಗ ಇದೇ. ಕಾಗದದ ಮೇಲಿನ ಅಂಕಿಯೂ ಕಿವಿಯೂ ಒಂದೇ ಮಾತು ಹೇಳಿದಾಗ ಆಗುವ ಖುಷಿಯೇ ಬೇರೆ.

ಪರಿಹಾರ ಸುಲಭವಿತ್ತು. ಫೋನೋ ಪೆಟ್ಟಿಗೆಯನ್ನೇ ಟರ್ನ್‌ಟೇಬಲ್ ಪಕ್ಕಕ್ಕೆ ತಂದಿಟ್ಟೆ. ಕಾರ್ಟ್ರಿಜ್‌ನಿಂದ ಪೆಟ್ಟಿಗೆಗೆ 60 ಸೆಂಟಿಮೀಟರಿನ ಒಳ್ಳೆಯ ಕೇಬಲ್, ಪೆಟ್ಟಿಗೆಯಿಂದ ಆಂಪ್ಲಿಫೈಯರ್‌ಗೆ ಆ ಎರಡೂವರೆ ಮೀಟರಿನದು. ಪೆಟ್ಟಿಗೆ ದಾಟಿದ ಸಿಗ್ನಲ್ ಗಟ್ಟಿಯಾಗಿರುತ್ತೆ, ಕೇಬಲ್ ಉದ್ದ ಅದನ್ನು ಬಾಧಿಸಲ್ಲ. ಮತ್ತೆ ಅಳೆದಾಗ ಕಾರ್ಟ್ರಿಜ್ ಕಡೆ 85, ಪೆಟ್ಟಿಗೆಯ 100 ಸೇರಿ 185 ಪಿಕೋಫ್ಯಾರಡ್. ಜೋಕಾಲಿಯ ಸ್ವರ 15.8 ಕಿಲೋಹರ್ಟ್ಜ್ ಕಡೆಗೆ ಓಡಿತು, ಉಬ್ಬಿನ ಎತ್ತರ ಅರ್ಧ ಡೆಸಿಬೆಲ್‌ಗೆ ಇಳಿಯಿತು. ಅದೇ ಎಲ್‌ಪಿ ಇಟ್ಟೆ. ತಂಬೂರಿ ತನ್ನ ಜಾಗಕ್ಕೆ ಬಂತು.

ಎಲ್ಲರಿಗೂ ಪೆಟ್ಟಿಗೆ ಸರಿಸಲು ಆಗಲ್ಲ. ಆಂಪ್ಲಿಫೈಯರ್ ಒಳಗೇ ಫೋನೋ ಸ್ಟೇಜ್ ಇದ್ದು, ಅದರ ಇನ್‌ಪುಟ್ ಕೆಪಾಸಿಟೆನ್ಸೇ 200 ದಾಟಿದ್ದರೆ ರೆಸಿಸ್ಟೆನ್ಸ್ ಇಳಿಸಿ ಉಬ್ಬನ್ನು ಒತ್ತಬಹುದು. 47 ಕಿಲೋಓಮ್‌ಗೆ ಪಕ್ಕದಲ್ಲಿ 100 ಕಿಲೋಓಮ್ ಸೇರಿಸಿದರೆ ಒಟ್ಟು 32 ಆಗುತ್ತೆ. ಉಬ್ಬು ತಗ್ಗುತ್ತೆ. ಜಾಸ್ತಿ ಇಳಿಸಿದರೆ ಧ್ವನಿ ಮಂಕಾಗುತ್ತೆ, 30ಕ್ಕಿಂತ ಕೆಳಗೆ ಹೋಗಬೇಡಿ.

ಉಲ್ಟಾ ದೋಷವೂ ಉಂಟು. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆ ನಿಲ್ಲಿಸಿತು, ಆದರೂ ಅವರ ಎಂ97ಎಕ್ಸ್‌ಇ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ 200ರಿಂದ 300 ಪಿಕೋಫ್ಯಾರಡ್ ಬೇಕು. ಹೊಸ ಕಾಲದ ಪೆಟ್ಟಿಗೆ, ಗಿಡ್ಡ ಕೇಬಲ್ ಸೇರಿ 120 ಆದರೆ ಧ್ವನಿಯ ಮುಖ ಕಳೆದುಹೋದ ಹಾಗಿರುತ್ತೆ. ಪಿಟೀಲಿನ ಬಿಲ್ಲಿನ ಉಜ್ಜು ಕೇಳಲ್ಲ, ತಾಳದ ಕಿಣಿ ಕೇಳಲ್ಲ. ಸ್ವಿಚ್ಚಿನಲ್ಲಿ 100 ಸೇರಿಸಿ ನೋಡಿ. ಮಂಕು ಅಂದ ಕೂಡಲೇ ಮುಳ್ಳು ಹೋಯ್ತು ಅಂತ ಹೊಸ ಮುಳ್ಳು ತರಿಸಬೇಡಿ.

ಮಂಕಿಗೆ ಇನ್ನೊಂದು ಕಾರಣ ವೈ ಕೇಬಲ್. ಒಂದು ಟರ್ನ್‌ಟೇಬಲನ್ನು ಎರಡು ಫೋನೋ ಇನ್‌ಪುಟ್‌ಗಳಿಗೆ ಕವಲು ಹಾಕಿದರೆ ಎರಡು 47 ಕಿಲೋಓಮ್ ಸೇರಿ 23.5 ಆಗುತ್ತೆ. ಕೆಪಾಸಿಟೆನ್ಸೂ ಎರಡರದೂ ಕೂಡುತ್ತೆ. ಒಂದನ್ನು ಕಿತ್ತು ಕೇಳಿ, ವ್ಯತ್ಯಾಸ ಆ ಕ್ಷಣವೇ ಗೊತ್ತಾಗುತ್ತೆ.

ಎಂಸಿ ಲೋಡ್: ಇಲ್ಲಿ ಆತುರ ಬೇಡ

ಎಂಸಿಯಲ್ಲಿ ಆಟವೇ ಬೇರೆ. ಸುತ್ತು ಕಡಿಮೆ, ಇಂಡಕ್ಟನ್ಸ್ ಬಹಳ ಚಿಕ್ಕದು. ಕೇಬಲಿನ ಕೆಪಾಸಿಟೆನ್ಸ್ ಜೊತೆ ಅದು ಉಬ್ಬುವ ಜಾಗ ಕಿವಿಗೆ ಎಟುಕುವುದಕ್ಕಿಂತ ಎಷ್ಟೋ ಮೇಲೆ, ಲಕ್ಷಾಂತರ ಹರ್ಟ್ಜ್‌ಗಳಲ್ಲಿ. ಹಾಗಾಗಿ ಎಂಸಿಗೆ ಕೆಪಾಸಿಟೆನ್ಸ್ ಸ್ವಿಚ್ ಮುಟ್ಟಬೇಡಿ, ಕಡಿಮೆಯದರಲ್ಲೇ ಬಿಡಿ. ಆ ಉಬ್ಬು ನೇರವಾಗಿ ನಮಗೆ ಕೇಳಲ್ಲ. ಆದರೆ ಪ್ಲೇಟಿನ ಪ್ರತಿ ಟಿಕ್ ಸದ್ದೂ ಅದನ್ನು ಬಡಿದೆಬ್ಬಿಸುತ್ತೆ. ಕೆಲವು ಫೋನೋ ಸ್ಟೇಜ್‌ಗಳು ಅದನ್ನು ತಾಳಿಕೊಳ್ಳುತ್ತವೆ, ಕೆಲವು ತಾಳದೆ ಕೇಳುವ ಸ್ವರಗಳನ್ನೂ ಒರಟು ಮಾಡುತ್ತವೆ. ರೆಸಿಸ್ಟೆನ್ಸ್ ಲೋಡ್ ಆ ಉಬ್ಬನ್ನು ಹಿಡಿದು ಕೂರಿಸುತ್ತೆ.

ಎಷ್ಟು ಲೋಡ್? ಸುರುಳಿಯ ಇಂಪಿಡೆನ್ಸಿನ ಹತ್ತು ಪಟ್ಟು ಅನ್ನೋದು ರೂಢಿಯ ಮಾತು. ಶುರು ಮಾಡಲು ಒಳ್ಳೆಯ ಜಾಗ. ಡಿಎಲ್-103ರದು 40 ಓಮ್, ಅಂದರೆ 400. ತಯಾರಕರು ಆಂಪ್ಲಿಫೈಯರ್‌ಗೆ 100 ಓಮ್ ಅಥವಾ ಅದಕ್ಕಿಂತ ಹೆಚ್ಚು ಅನ್ನುತ್ತಾರೆ. ಹೈ ಔಟ್‌ಪುಟ್ ಎಂಸಿ ಆದರೆ 47 ಕಿಲೋಓಮ್‌ನಲ್ಲೇ ಬಿಡಿ, ಅದನ್ನು ಎಂಎಂ ಥರವೇ ನೋಡಿಕೊಳ್ಳಿ. ಡಿಎಲ್-110ರಂಥದ್ದನ್ನು 100 ಓಮ್‌ಗೆ ಹಾಕಿ ಧ್ವನಿಯೇ ಇಲ್ಲ ಅಂತ ಪೇಚಾಡಿದವರನ್ನು ಕಂಡಿದ್ದೇನೆ. ಅದರ ಸುರುಳಿಯೇ 160 ಓಮ್, ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಒಳಗೇ ಕರಗಿಹೋಗುತ್ತೆ.

ಲೋಡ್ ಇಳಿಸಿದರೆ ಗೇನ್ ಲೆಕ್ಕವೂ ಬದಲಾಗುತ್ತೆ ಅನ್ನೋದನ್ನು ಮರೆಯಬೇಡಿ. 40 ಓಮ್ ಸುರುಳಿಗೆ 1000 ಓಮ್ ಲೋಡ್ ಇದ್ದರೆ ಕಳೆದುಹೋಗುವುದು ಡೆಸಿಬೆಲ್‌ನ ಮೂರನೇ ಒಂದು ಪಾಲು. 100 ಓಮ್‌ಗೆ ಇಳಿಸಿದರೆ ಸುಮಾರು 3 ಡೆಸಿಬೆಲ್. ದೊಡ್ಡಪ್ಪನ ಮನೆಯಲ್ಲಿ ನಾನು ಸ್ವಿಚ್ಚನ್ನು 1000ದಿಂದ 100ಕ್ಕೆ ಹಾಕಿದಾಗ ಅವರು ಕೂಡಲೇ, "ಸತ್ವ ಹೋಯ್ತು ಕಣೋ, ಮೊದಲಿನದೇ ಹಾಕು" ಅಂದರು. ಮತ್ತೆ ಕೇಳಿಸಿದೆ, ಈ ಸಲ ವಾಲ್ಯೂಮನ್ನು ಸ್ವಲ್ಪ ಏರಿಸಿ ಸಮ ಮಾಡಿ. ಸುಮ್ಮನೆ ಕೂತು ಕೇಳಿದರು. "ಇದೇ ಇರಲಿ, ಪಿಟೀಲು ಮೆತ್ತಗಾಯ್ತು" ಅಂದರು. ನಮ್ಮ ಕಿವಿಗೆ ಜೋರಾಗಿರುವುದೇ ಚೆನ್ನಾಗಿ ಕೇಳುತ್ತೆ. ಎರಡು ಲೋಡ್ ಹೋಲಿಸುವಾಗ ಧ್ವನಿಯ ಮಟ್ಟ ಸಮ ಮಾಡದೆ ತೀರ್ಪು ಕೊಡಬೇಡಿ. ಒಂದೊಂದು ಸೆಟ್ಟಿಂಗನ್ನೂ ಒಂದೆರಡು ದಿನ ಬಿಡಿ. ಗೊತ್ತಿರುವ ನಾಲ್ಕು ಪ್ಲೇಟು ಕೇಳಿ. 100ಕ್ಕೂ 400ಕ್ಕೂ ವ್ಯತ್ಯಾಸವೇ ಕೇಳದಿದ್ದರೆ ನಿಮ್ಮ ಫೋನೋ ಸ್ಟೇಜ್ ಗಟ್ಟಿಯಾಗಿದೆ ಅಂತ ಅರ್ಥ, 400ರಲ್ಲೇ ಇಡಿ.

ಸ್ವಿಚ್ ಇಲ್ಲದ ಪೆಟ್ಟಿಗೆಯಾದರೆ ಲೋಡಿಂಗ್ ಪ್ಲಗ್ ಮನೆಯಲ್ಲೇ ಮಾಡಬಹುದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಒಂದೆರಡು ರೂಪಾಯಿಗೆ ರೆಸಿಸ್ಟರ್ ಸಿಗುತ್ತೆ. ಶೇಕಡಾ 1ರ ಮೆಟಲ್ ಫಿಲ್ಮ್ ಕೇಳಿ. 100 ಓಮ್‌ನದಾದರೆ ಕಂದು, ಕಪ್ಪು, ಕಪ್ಪು, ಕಪ್ಪು, ಕಂದು ಪಟ್ಟಿ ಇರುತ್ತೆ. ಆರ್‌ಸಿಎ ಪ್ಲಗ್ಗಿನೊಳಗೆ ನಡು ಪಿನ್ನಿಗೆ ಒಂದು ಕಾಲು, ಹೊರ ಕವಚಕ್ಕೆ ಇನ್ನೊಂದು ಕಾಲು ಸೋಲ್ಡರ್ ಮಾಡಿ. ವೈ ಅಡಾಪ್ಟರ್ ಹಾಕಿ ಕಾರ್ಟ್ರಿಜ್ ವೈರಿನ ಪಕ್ಕದಲ್ಲಿ ಚುಚ್ಚಿ. ಎಡಕ್ಕೊಂದು, ಬಲಕ್ಕೊಂದು. ಒಳಗಿನ 47 ಕಿಲೋಓಮ್ ಜೊತೆ ಸೇರಿದರೂ 100 ಓಮ್ ಹೆಚ್ಚುಕಡಿಮೆ 100 ಆಗಿಯೇ ಉಳಿಯುತ್ತೆ.

ಎಂಸಿಯ ವೋಲ್ಟೇಜ್ ಏರಿಸಿ ಎಂಎಂ ಇನ್‌ಪುಟ್‌ಗೆ ಕೊಡುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬಳಸುವವರು ಲೋಡನ್ನು ಹೀಗೆ ನೋಡಬೇಕು: ಎಂಎಂ ಇನ್‌ಪುಟ್‌ನ 47 ಕಿಲೋಓಮನ್ನು ಸುತ್ತಿನ ಅನುಪಾತದ ವರ್ಗದಿಂದ ಭಾಗಿಸಿ. 1:10 ಆದರೆ ಕಾರ್ಟ್ರಿಜ್‌ಗೆ ಕಾಣುವುದು 470 ಓಮ್, ಗೇನ್ 20 ಡೆಸಿಬೆಲ್. 1:20 ಆದರೆ 117 ಓಮ್, ಗೇನ್ 26. ಈ 117ರ ಮೇಲೆ ಮತ್ತೆ 100 ಓಮ್ ಪ್ಲಗ್ ಹಾಕಿದರೆ ಲೋಡ್ ಇನ್ನೂ ಅರ್ಧಕ್ಕೆ ಬೀಳುತ್ತೆ.

ಲೋಡಿನಂತೆ ಕಂಡರೂ ಲೋಡಲ್ಲದ್ದು

ಒಂದು ಕಡೆ ಮಾತ್ರ ಮೆಲ್ಲಗಿದ್ದರೆ ಮೊದಲು ಪೆಟ್ಟಿಗೆಯ ತಳದ ಪುಟ್ಟ ಸ್ವಿಚ್‌ಗಳನ್ನು ನೋಡಿ. ಎಡ ಬಲಕ್ಕೆ ಬೇರೆ ಬೇರೆ ಸಾಲು ಇರುತ್ತೆ. ಒಂದು ಕಡೆ 100 ಓಮ್, ಇನ್ನೊಂದು ಕಡೆ 1000 ಓಮ್ ಆಗಿ ಕೂತಿರುವುದು ನಾನು ಕಂಡ ಸಾಮಾನ್ಯ ತಪ್ಪು. ಅದು ಸರಿಯಿದ್ದರೆ ಫೋನೋ ಪೆಟ್ಟಿಗೆಯ ಬಾಯಲ್ಲಿ ಎಡ ಬಲದ ಪ್ಲಗ್ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರಿಗೆ ಹಾರಿದರೆ ದೋಷ ಟರ್ನ್‌ಟೇಬಲ್ ಕಡೆ. ಹಾರದಿದ್ದರೆ ಪೆಟ್ಟಿಗೆ ಅಥವಾ ಅದರ ಮುಂದೆ. ಹೆಡ್‌ಶೆಲ್ ವೈರ್‌ಗಳ ಬಣ್ಣ: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಪಿನ್ನಿನ ಮೇಲೆ ಕಿಲುಬು ಹಿಡಿದಿದ್ದರೆ ಮೆಲ್ಲಗೆ ಒರೆಸಿ.

ಗುಂಯ್ ಅನ್ನುವ 50 ಹರ್ಟ್ಜಿನ ಸದ್ದು ಗೇನ್ ಏರಿಸಿದಾಗ ಏರುತ್ತೆ. ಅದಕ್ಕೇ ಎಂಸಿ ಹಾಕಿದ ಕೂಡಲೇ ಅದು ಎದ್ದು ಕಾಣುತ್ತೆ, ಜನ ಗೇನನ್ನು ಬಯ್ಯುತ್ತಾರೆ. ಟರ್ನ್‌ಟೇಬಲ್‌ನ ತೆಳು ಅರ್ತ್ ವೈರ್ ಪೆಟ್ಟಿಗೆಯ ತಿರುಪಿಗೆ ಗಟ್ಟಿಯಾಗಿ ಕೂತಿದೆಯಾ ನೋಡಿ. ಆಮೇಲೆ ಪೆಟ್ಟಿಗೆಯ ಅಡಾಪ್ಟರನ್ನೂ ಆಂಪ್ಲಿಫೈಯರನ್ನೂ ದೂರ ಸರಿಸಿ ನೋಡಿ.

ಯಾವ ಸ್ವಿಚ್ ಬದಲಾಯಿಸುವ ಮೊದಲೂ ವಾಲ್ಯೂಮ್ ಪೂರ್ತಿ ಇಳಿಸಿ, ಪೆಟ್ಟಿಗೆಯ ಪವರ್ ತೆಗೆಯಿರಿ. ಉರಿಯುತ್ತಿರುವಾಗ ಸ್ವಿಚ್ ಎಳೆದರೆ ಬರುವ ಧಡ್ ಸದ್ದು ವೂಫರನ್ನು ಹಾಳು ಮಾಡಬಹುದು. ಮುಟ್ಟುವ ಮೊದಲು ಮೊಬೈಲಿನಲ್ಲಿ ಸ್ವಿಚ್‌ಗಳ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗೇನ್ ಸರಿಯಾಗುವ ತನಕ ಲೋಡ್ ಮುಟ್ಟಬೇಡಿ.

ಎಲ್ಲ ಮುಗಿದ ಮೇಲೆ ನಾನು ಟರ್ನ್‌ಟೇಬಲ್ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ. ವಿಎಂ95ಇ, 2 ಗ್ರಾಂ, 40 ಡೆಸಿಬೆಲ್, 47 ಕಿಲೋಓಮ್, 185 ಪಿಕೋಫ್ಯಾರಡ್, ಕೇಬಲ್ 60 ಸೆಂಟಿಮೀಟರ್. ದೊಡ್ಡಪ್ಪನ ಮನೆಯಲ್ಲೂ ಒಂದು ಇದೆ, ಅವರ ದುಂಡು ಅಕ್ಷರದಲ್ಲಿ: 103, 2.5 ಗ್ರಾಂ, 100 ಓಮ್, ವೈರ್ ಆಕ್ಸ್‌ಗೆ. ಆಕ್ಸ್ ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.